ಬೋರಲಾಗಿದ್ದ ತಂಬಿಗೆ

ಐದು ಹೊತ್ತು ನಮಾಜ್ ಮಾಡುವ ಬಾಯಿ ಇದು. ಕಟ್ಟಿಕೊಂಡ ಗಂಡನ ಮೇಲೆ ಸುಳ್ಳು ಕತೆ ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಕೇಳಿದ್ದನ್ನು, ಕಂಡದ್ದನ್ನು ಅಷ್ಟೇ ಬರೆಯುತ್ತಿದ್ದೇನೆ.

ನಾವು ಗದಗಿನವರು. ದೂರದೇಶದ ಡನೀಡಿನ್ ಊರಿನಲ್ಲಿ ನಮ್ಮದೊಂದು ಡೇರಿ ಇತ್ತು. ಇಲ್ಲಿ ಡೇರಿ ಎಂದರೆ ಮೂಲೆಯ ಕಿರಾಣಿ ಅಂಗಡಿ. ಅದರ ಹಿಂಬಾಗಿಲಿಗೆ ಮರಿಯಾಗಿ ಬಂದ ನಾಯಿ ಮೋತಿ, ನಮ್ಮ ಮನೆಯವರ ಕಾಲು ಬಿಟ್ಟು ಮತ್ತೆಲ್ಲೂ ಹೋಗಲಿಲ್ಲ.

ಹೋದ ವರ್ಷ ಮನೆಯವರಿಗೆ ಹೊಟ್ಟೆಯ ಕಾಯಿಲೆ ಹೆಚ್ಚಾಯಿತು. ಡಾಕ್ಟರಮ್ಮ ನಮ್ಮ ಬೆಳಗಾವಿ ಕಡೆಯವರೇ. ನನ್ನನ್ನು ಬದಿಗೆ ಕರೆದು, "ಆಂಟಿ, ಇನ್ನ ಔಷಧ ಸಾಕು. ಎಲ್ಲಿಗರೆ ಹೋಗೂದಿದ್ರ ಈಗ ಹೋಗಿ ಬರ್ರಿ" ಅಂದರು.

ಅವರಿಗೆ ಇದ್ದದ್ದು ಒಂದೇ ಆಸೆ. ಒಳಗೇ ಮಲಗಲು ಜಾಗವಿರುವ ಕ್ಯಾಂಪರ್‌ವ್ಯಾನಿನಲ್ಲಿ ಮೋತಿಯ ಜೊತೆ ಒಳನಾಡಿನ ಕೆರೆಗಳನ್ನು ನೋಡಬೇಕು. ಬಾಡಿಗೆಗೆ ತಂದೆವು. ನಾನೇ ಓಡಿಸಿದೆ. ಆ ದಿನ ಮಳೆ ಬರಲಿಲ್ಲ, ಅವರು ನಾಲ್ಕು ಚಮಚ ಗಂಜಿ ಕುಡಿದರು, ದಾರಿಯಲ್ಲಿ ನೋವು ಎನ್ನಲಿಲ್ಲ. ಅಲ್ಲಾಹನ ಕೃಪೆ ಅಂದುಕೊಂಡೆ. ಎಣಿಸಿಕೊಳ್ಳಲು ನನಗೆ ಬೇರೇನೂ ಉಳಿದಿರಲಿಲ್ಲ.

ಸಂಜೆ ಒಂದು ಕೆರೆಯ ದಂಡೆಯಲ್ಲಿ ನಿಲ್ಲಿಸಿದೆ. ಸುತ್ತ ಬೋಳು ಗುಡ್ಡಗಳು, ಒಂದೇ ಒಂದು ದೀಪವಿಲ್ಲ. ನಾಯಿ ಇರುವಲ್ಲಿಗೆ ಫರಿಶ್ತೆಗಳು, ಅಂದರೆ ದೇವದೂತರು, ಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಮನೆಯಲ್ಲಾದರೆ ನಾನು ನಮಾಜ್ ಮಾಡುವ ಕೋಣೆ ಬಿಟ್ಟು ಮೋತಿ ಬೇರೆಲ್ಲಿಯಾದರೂ ಮಲಗುತ್ತಿದ್ದ. ವ್ಯಾನಿನಲ್ಲಿ ಇದ್ದದ್ದೇ ಒಂದು ಕೋಣೆ. ಅವನಿಗೆ ಕಂಬಳಿ ಹಾಸಿ, ಹೊರಗೆ ಮೆಟ್ಟಿಲ ಬಳಿ ಕಟ್ಟಿದೆ.

"ಚಳಿ ಐತಿ, ಒಳಗ ಕರಕೋ" ಅಂದರು ಮನೆಯವರು.

"ನಮಾಜಿನ ಜಾಗ ರೀ ಇದು. ಫರಿಶ್ತೆಗಳು ಬರಬೇಕಲ್ಲ."

ಅವರು ನಕ್ಕರು. "ಬರೂದು ಯಾವ ಫರಿಶ್ತೆ ಅಂತ ಮೊದಲ ಕೇಳ್ಕೋ. ಈಗ ನನ್ನ ಕಡೆ ಬರಾಂವ ಒಬ್ಬನ ಇದ್ದಾನ, ಜೀವ ಒಯ್ಯಾಂವ."

ನನಗೆ ನಗು ಬರಲಿಲ್ಲ. ಬೆಳಗಿನ ನಮಾಜಿಗೆ ಕೈಕಾಲು ತೊಳೆಯಲೆಂದು ತಂಬಿಗೆಯಲ್ಲಿ ನೀರು ತುಂಬಿ ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿದೆ.

ಎಚ್ಚರವಾದಾಗ ಇನ್ನೂ ಕತ್ತಲೆ. ಹೊರಗೆ ನೀರು ಸುರಿಯುವ ಸದ್ದು...

ಯಾರೋ ಕೈ ತೊಳೆಯುತ್ತಿದ್ದರು. ಆಮೇಲೆ ಬಾಯಿ ಮುಕ್ಕಳಿಸಿದರು. ಮುಖಕ್ಕೆ ನೀರು. ಮೊಣಕೈಯಿಂದ ನೀರು ತೊಟ್ಟಿಕ್ಕಿತು. ಸ್ವಲ್ಪ ಹೊತ್ತು ಸದ್ದಿಲ್ಲ, ತಲೆ ಸವರುವಷ್ಟು ಹೊತ್ತು. ಆಮೇಲೆ ಕಾಲು... ನಮಾಜಿನ ಮೊದಲು ಮಾಡುವ ವುಜು. ಕ್ರಮ ಒಂದಿಷ್ಟೂ ತಪ್ಪಲಿಲ್ಲ. ಕೊನೆಗೆ ಟಣ್ ಎಂದು ತಂಬಿಗೆ ಬೋರಲು ಹಾಕಿದ ಸದ್ದು.

ಹಾಗೆ ಬೋರಲು ಹಾಕುವುದು ನಮ್ಮ ಮನೆಯವರ ಅಭ್ಯಾಸ. ಆದರೆ ಬಗ್ಗಿ ಕಾಲು ತೊಳೆಯುವ ಶಕ್ತಿ ಅವರಿಗೆ ಹೋಗಿ ಎಷ್ಟೋ ದಿನವಾಗಿತ್ತು.

ಕೈ ಚಾಚಿದೆ. ಅವರು ಪಕ್ಕದಲ್ಲೇ ಇದ್ದರು. ಉಸಿರಾಡುತ್ತಿದ್ದರು. ಪಾದ ಮುಟ್ಟಿದೆ. ಒಣಗಿತ್ತು.

"ರೀ... ಎಚ್ಚರ ಅದೀರೇನು?"

ಹೊರಗೆ ಮೋತಿ ಬೊಗಳಲಿಲ್ಲ. ವ್ಯಾನಿನ ತಗಡಿಗೆ ಅವನ ಬಾಲ ಬಡಿಯತೊಡಗಿತು. ಧಪ್... ಧಪ್... ಮನೆಯವರು ಎದುರಿಗೆ ಬಂದರೆ ಮಾತ್ರ ಹಾಗೆ ಬಡಿಯುತ್ತಿದ್ದ. ದಿನಾ ಅನ್ನ ಹಾಕುವ ನನಗೂ ಆ ಭಾಗ್ಯವಿರಲಿಲ್ಲ. ಬಾಗಿಲ ಸಂದಿಯಿಂದ ಲವಂಗದ ವಾಸನೆ ಬಂತು. ಅಂಗಡಿಯಲ್ಲಿ ಕೂತಾಗ ಅವರ ಬಾಯಲ್ಲಿ ಸದಾ ಲವಂಗ ಇರುತ್ತಿತ್ತು.

ಬಾಯಿಗೆ ಬಂದ ದುವಾ ಓದುತ್ತ ಬಾಗಿಲು ತೆರೆದೆ. ಯಾರೂ ಇಲ್ಲ. ಮೆಟ್ಟಿಲು ಒದ್ದೆ. ತಂಬಿಗೆ ಬೋರಲಾಗಿತ್ತು. ಮೋತಿ ಹಗ್ಗ ಬಿಗಿಯಾಗುವಷ್ಟು ಎಳೆದು ಕೆರೆಯ ಕಡೆ ನೋಡುತ್ತ ನಿಂತಿದ್ದ. ಯಾರನ್ನೋ ಕಳಿಸಿಕೊಡುವ ಹಾಗೆ ಬಾಲ ಆಡಿಸುತ್ತಿದ್ದ. ಅದು ನಿಧಾನವಾಗಿ ನಿಂತಿತು.

"ಮೋತಿ, ಒಳಗ ಬಾ" ಅಂದೆ. ಆ ಮಾತನ್ನು ನಾನು ಅಂದದ್ದು ಅದೇ ಮೊದಲು. ಅವನು ಬರಲಿಲ್ಲ.

ಬೆಳಕಾದ ಮೇಲೆ ಮನೆಯವರು ಕಣ್ಣು ಬಿಟ್ಟರು. ಅವರ ಮನಸ್ಸಿಗೆ ಹಿತವಾಗಲಿ ಎಂದು, ಮೋತಿಯನ್ನು ಹತ್ತಿರ ಕರೆಯಲೇ ಎಂದು ಕೇಳಿದೆ.

"ಯಾರು ಮೋತಿ?" ಅಂದರು.

ಅದೇ ಕೊನೆ, ಆಮೇಲೆ ಅವರು ಏನನ್ನೂ ಕೇಳಲಿಲ್ಲ. ಕಾಯಿಲೆ ತಲೆಗೆ ಏರಿದರೆ ಹಾಗಾಗುತ್ತದೆ ಎಂದರು ಡಾಕ್ಟರಮ್ಮ. ಇರಬಹುದು. ಆದರೆ ನಾಯಿಗೇನಾಗಿತ್ತು? ಮನೆಗೆ ಬಂದ ಮೇಲೆ ಮೋತಿ ಅವರ ಹಾಸಿಗೆಯ ಹತ್ತಿರ ಸುಳಿಯಲಿಲ್ಲ. ಗೊತ್ತಿಲ್ಲದವರ ಮನೆ ದಾಟುವ ಹಾಗೆ ಆ ಕೋಣೆ ದಾಟಿ ಹೋಗುತ್ತಿದ್ದ. ಅವರು ಒಳಗೆ ಇನ್ನೂ ಉಸಿರಾಡುತ್ತಿರುವಾಗಲೇ, ದಿನಾ ನಸುಕಿನಲ್ಲಿ ಹಿಂಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ಕೂರುತ್ತಿದ್ದ. ನಾನು ಒಳಗೆ ಅವರ ಬಾಯಿ ಒರೆಸುತ್ತಿದ್ದೆ, ಮಗ್ಗುಲು ಬದಲಿಸುತ್ತಿದ್ದೆ. ಯಾರಿಗೆ ಮಾಡುತ್ತಿದ್ದೇನೆ ಎಂದು ಒಮ್ಮೊಮ್ಮೆ ದೀಪ ಹಾಕಿ ಅವರ ಮುಖ ನೋಡುತ್ತಿದ್ದೆ.

ಆ ತಿಂಗಳೇ ಅವರು ಹೋದರು. ನೋವಿಲ್ಲದೆ ಹೋದರು, ಅದೂ ಕೃಪೆಯೇ. ಮಣ್ಣು ಮಾಡಿ ಬಂದ ಮರುದಿನವೂ ಮೋತಿ ಅದೇ ಹಿಂಬಾಗಿಲಲ್ಲಿ ಕೂತಿದ್ದ. ಅವನ ಪಾಲಿಗೆ ಆ ದಿನ ಹೊಸದೇನೂ ಆಗಿರಲಿಲ್ಲ.

ಈಗ ಅವನು ನನ್ನ ಕೋಣೆಯಲ್ಲೇ ಮಲಗುತ್ತಾನೆ, ನಮಾಜಿಗೆ ನಾನು ಬೇರೆ ಕಡೆ ಹೋಗುತ್ತೇನೆ. ಮಲಗುವ ಮುಂಚೆ ಹಿಂಬಾಗಿಲ ಮೆಟ್ಟಿಲ ಮೇಲೆ ತಂಬಿಗೆಯಲ್ಲಿ ನೀರು ತುಂಬಿಡುತ್ತೇನೆ. ನಸುಕಿನಲ್ಲಿ ಇಬ್ಬರೂ ಕಿವಿಗೊಟ್ಟು ಮಲಗಿರುತ್ತೇವೆ...

ಇವತ್ತು ಬೆಳಿಗ್ಗೆಯೂ ತಂಬಿಗೆ ತುಂಬಿಯೇ ಇತ್ತು.