ಮೂಳೆಯಲ್ಲಿ ಮನೆ ಮಾಡಿದ ಸೀಸ

ನನ್ನ ನಾದಿನಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಅರ್ಧ ಆಯುಸ್ಸು ಸವೆಸಿದವಳು. ಮೈಗೆ ಹೊಕ್ಕ ಸೀಸ ಬೆವರಿನಲ್ಲಿ ಇಳಿದುಹೋಗುತ್ತದೆ ಎಂದು ಅಲ್ಲಿನವರು ನಂಬಿದ್ದರು. ಅದಕ್ಕೇ ಕೆಲಸ ಮುಗಿದ ಮೇಲೂ ಹೆಂಗಸರೆಲ್ಲ ಕುಲುಮೆಯ ಸುತ್ತ ಕೂತು, ಚೆನ್ನಾಗಿ ಬೆವರಿ, "ಇವತ್ತಿಂದು ಇವತ್ತಿಗೇ ಹೋಯ್ತು" ಎಂದು ಮನೆಗೆ ಬರುತ್ತಿದ್ದರು. ಇನ್ನಷ್ಟು ಹೊಗೆ ಕುಡಿದು ಬರುತ್ತಿದ್ದೇವೆಂದು ಯಾರಿಗೂ ಹೊಳೆಯಲಿಲ್ಲ.

ಶೆಡ್ಡು ಮುಚ್ಚಿ ಯಾವುದೋ ಕಾಲವಾಯಿತು. ಈಚೆಗೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಕಂಬಿ ಹಾಕಿಸಿ ಮನೆಗೆ ತಂದೆವು. ನಡೆಯಬಹುದು ಎಂದರೂ ಮಂಚ ಬಿಟ್ಟು ಏಳಲೊಲ್ಲಳು. ತಿಂಗಳೊಪ್ಪತ್ತಿನಲ್ಲಿ ಕೈ ನಡುಕ, ಹೊಟ್ಟೆ ನುಲಿತ ಶುರುವಾಯಿತು. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಸೀಸ ಏರಿತ್ತು.

"ಈಗೆಲ್ಲಿಂದ ಬಂತಮ್ಮ ಅದು?" ಎಂದು ಕೇಳಿದೆ, ಮನೆಗೆ ಬಂದ ಡಾಕ್ಟರಮ್ಮನನ್ನು.

ಅವಳು ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತಳು. "ಮೂಳೆಯಲ್ಲಿ ಅಪಟೈಟ್ ಅನ್ನೋ ಖನಿಜ ಇರುತ್ತೆ ಅಜ್ಜಿ. ಅದರ ಹರಳಲ್ಲಿ ಕ್ಯಾಲ್ಸಿಯಂಗೆ ಅಂತ ಸಾಲಾಗಿ ಜಾಗ ಇರ್ತವೆ. ಸೀಸ ಬಂದು ಅಲ್ಲೇ ಕೂತ್ಬಿಡುತ್ತೆ. ಅದರ ಗಾತ್ರ ಸ್ವಲ್ಪ ದೊಡ್ಡದು. ಹರಳು ಒಡೆಯಲ್ಲ, ಒಂಚೂರು ಹಿಗ್ಗಿ ಜಾಗ ಕೊಡುತ್ತೆ."

"ಬಸ್ಸಿನ ಸೀಟಲ್ಲಿ ಅತ್ತಿಗೆ ಕೂತ ಹಾಗೆ," ಎಂದಳು ನಾದಿನಿ, ಗೋಡೆಗೆ ಮುಖ ಮಾಡಿಯೇ. "ಪಕ್ಕದವರೆಲ್ಲ ಕಿಟಕಿಗೆ ಅಂಟ್ಕೋಬೇಕು."

"ನಿನ್ನ ನಾಲಿಗೆಗೆ ಮಾತ್ರ ಏನೂ ಆಗಿಲ್ಲ ನೋಡು," ಎಂದೆ.

ಡಾಕ್ಟರಮ್ಮ ನಕ್ಕಳು. ಆಮೇಲೆ ನಗಲಿಲ್ಲ. "ಮಲಗೇ ಇದ್ರೆ ಮೂಳೆ ಕರಗುತ್ತೆ, ಒಳಗಿರೋ ಸೀಸ ರಕ್ತಕ್ಕೆ ಇಳಿಯುತ್ತೆ. ಔಷಧಿ ಕೊಡ್ತೀನಿ. ಆದ್ರೆ ನೀವು ಎದ್ದು ನಡೀಲೇಬೇಕು. ಕಾಲ ಮೇಲೆ ಭಾರ ಬಿದ್ರೇನೇ ಮೂಳೆ ಉಳಿಯೋದು."

"ಬೆವರಿದ್ರೆ ಹೋಗಲ್ವಾ?" ನಾದಿನಿ ಈ ಕಡೆ ತಿರುಗಿದಳು.

"ಇಲ್ಲಮ್ಮ."

ನಾದಿನಿ ಹೊದಿಕೆ ಎಳೆದುಕೊಂಡಳು. "ಜೀವಮಾನವೆಲ್ಲ ನಿಂತೇ ಕಳೆದೆ ಕಣಮ್ಮ. ಈಗ್ಲಾದ್ರೂ ಬಿದ್ಕೊಳ್ಳೋಣ ಅಂದ್ರೆ ಅದಕ್ಕೂ ಕಲ್ಲು ಹಾಕ್ತೀಯಲ್ಲ."

ಡಾಕ್ಟರಮ್ಮ ಹೋದ ಮೇಲೆ ನಾನು ಬಟ್ಟೆ ಮಡಿಸುತ್ತ ಕೂತೆ. ಒತ್ತಾಯ ಮಾಡಲು ನನಗೂ ತ್ರಾಣವಿರಲಿಲ್ಲ. ಅವಳ ಆಯಾಸ ಸುಳ್ಳಲ್ಲ ಎಂದು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಕಡೆಗೆ ಅವಳೇ ಕೈ ಚಾಚಿದಳು. "ಹಿಡ್ಕೋ ಅತ್ತಿಗೆ. ಬಿದ್ರೆ ಇಬ್ರೂ ಬೀಳೋಣ."

ಬಾಗಿಲವರೆಗೆ ಹೋದೆವು. ಮಂಚದ ಕಡೆ ತಿರುಗಿ ನೋಡಿ, "ಸಾಕಾ?" ಎಂದಳು.

"ಇನ್ನೊಂದು ಸಲ."

ನನ್ನನ್ನೂ ನನ್ನ ತವರಿನವರನ್ನೂ ಸೇರಿಸಿ ಬೈಯುತ್ತ, ಮತ್ತೆ ಹೆಜ್ಜೆ ಎತ್ತಿದಳು.