ಹೊಳೆವ್ವನಿಗೆ ಬೇಡಿಕೊಂಡ ಮುಡಿ

ರೋಣದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಔಷಧ ಅಂಗಡಿ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಜಡ್ಡು ಯಾವುದು, ಏನು ಕೇಳುತ್ತಾನೆ ಎಂದು ಹೇಳಬಲ್ಲೆ ಅನ್ನುವ ಜಂಬ ನನಗಿತ್ತು. ಆ ಜಂಬವನ್ನು ಇಳಿಸಿದವಳು ಹೊಳೆಮಣ್ಣೂರಿನ ಶೇಖವ್ವ.

ಶೇಖವ್ವ ಕುರಿಗಾರ ಹೂವಪ್ಪನ ಹೆಂಡತಿ. ಅರವತ್ತರ ಹತ್ತಿರದ ಹೆಂಗಸು. ತಿಂಗಳಿಗೊಮ್ಮೆ ಬಿ.ಪಿ. ಗುಳಿಗೆಗೆ ಬರುತ್ತಾಳೆ. ಬರೀ ಕೈಯಲ್ಲಿ ಎಂದೂ ಬಂದವಳಲ್ಲ. ಸೆರಗಿನ ಗಂಟಿನಲ್ಲಿ ಒಂದಿಷ್ಟು ಶೇಂಗಾ, ಕಡಲೆಯ ಕಾಲದಲ್ಲಿ ಹಸಿ ಸುಲಗಾಯಿ ಇದ್ದೇ ಇರುತ್ತಿತ್ತು. ಗಂಡ ಹೂವಪ್ಪನನ್ನು ನರಗುಂದದಿಂದ ಗಜೇಂದ್ರಗಡದ ಗುಡ್ಡದವರೆಗೂ ಕುರಿ ಇದ್ದವರೆಲ್ಲ ಬಲ್ಲರು. ಉಣ್ಣೆ ಕತ್ತರಿಸುವುದರಲ್ಲಿ ಅವನ ಕೈ ಅಂಥದು. ಅದಕ್ಕಿಂತ ಹೆಚ್ಚಿಗೆ ಹೆಸರಾದದ್ದು ಅವನ ಮೀಸೆ. ಗಲ್ಲದ ಮೇಲೆ ಎರಡು ಸುತ್ತು ತಿರುವಿದ ಆ ಮೀಸೆಗೆ ಅವನು ಹಚ್ಚುತ್ತಿದ್ದ ಬೆಣ್ಣೆಯನ್ನು ಮೊಮ್ಮಕ್ಕಳೂ ತಿಂದಿರಲಿಕ್ಕಿಲ್ಲ. ತಲೆಯ ಮೇಲೆ ಯಾವಾಗಲೂ ರುಮಾಲು.

ಒಂದು ದಿನ ಶೇಖವ್ವ ಗುಳಿಗೆ ತೆಗೆದುಕೊಂಡ ಮೇಲೂ ನಿಂತೇ ಇದ್ದಳು. ಉಳಿದ ಗಿರಾಕಿಗಳು ಹೋಗಲಿ ಎಂದು ಕಾದು, ದನಿ ತಗ್ಗಿಸಿ ಕೇಳಿದಳು.

"ತಮ್ಮಾ, ಕೂದ್ಲ ಬರೂ ಔಷಧ ಐತೇನ?"

"ಯಾರಿಗಿ ಚಿಗವ್ವಾ, ದುರಗೇಶಗೇನು?" ದುರಗೇಶ ಅವಳ ಮಗ.

"ನನಗ."

ನನಗೆ ನಗು ತಡೆಯಲಿಲ್ಲ. "ಈ ವಯಸ್ಸಿನ್ಯಾಗ ಜಡಿ ಹಾಕ್ಕೊಂಡು ಎಲ್ಲಿಗೆ ಹೊಂಟಿ?" ಅಂದೆ.

ಅವಳು ನಗಲಿಲ್ಲ. ಸೆರಗು ಹಿಂದಕ್ಕೆ ಸರಿಸಿದಳು. ಶೇಖವ್ವನ ತುರುಬು ಒಂದು ಕಾಲಕ್ಕೆ ತೆಂಗಿನಕಾಯಿಯಷ್ಟು ದಪ್ಪ ಇತ್ತು. ಈಗ ನೆತ್ತಿಯ ತುಂಬ ಬರೀ ಚರ್ಮ, ಹಿಂದೆ ಒಂದು ಇಲಿಬಾಲ.

"ಹೊಳೆವ್ವಗ ಮುಡಿ ಕೊಡೂದೈತಿ ತಮ್ಮಾ. ಕೊಡಾಕ ಮುಡಿನ ಇಲ್ಲ," ಅಂದಳು.

ಮಲಪ್ರಭೆ ಅವರಿಗೆ ಬರೀ ಹೊಳೆಯಲ್ಲ, ಹೊಳೆವ್ವ. ದೊಡ್ಡ ನೆರೆ ಬಂದ ವರ್ಷ ದುರಗೇಶ ಕುರಿ ಬಿಡಿಸಿಕೊಂಡು ಬರುತ್ತೇನೆಂದು ಹೋಗಿ ನೀರಿನ ನಡುವೆ ಬೇವಿನ ಮರ ಹತ್ತಿ ಕುಳಿತಿದ್ದ. ದಂಡೆಯ ಮೇಲೆ ನಿಂತ ಶೇಖವ್ವ ತುರುಬು ಬಿಚ್ಚಿ, "ಮಗನ್ನ ಕೊಡವ್ವಾ, ನನ್ನ ಮುಡಿ ನಿನಗ" ಎಂದು ಕೂಗಿ ಬೇಡಿಕೊಂಡಳು. ಹೊಳೆವ್ವ ಮಗನನ್ನು ಕೊಟ್ಟಳು. ಶೇಖವ್ವ ಮುಡಿ ಕೊಡಲಿಲ್ಲ. ಅವಳು ಒಲ್ಲೆ ಅಂದಿರಲಿಲ್ಲ, ಹೂವಪ್ಪ ಬಿಡಲಿಲ್ಲ. "ನಾ ಗಟ್ಟಿಮುಟ್ಟ ಇದ್ದೀನಿ, ನೀ ಬೋಳಿಸ್ಕೊಂಡ ಕುಂತ್ರ ಮಂದಿ ಏನಂದಾರು? ಮಗಳ ಲಗ್ನ ಆಗ್ಲಿ," ಅಂದ. ಲಗ್ನ ಆಯಿತು. ಆಮೇಲೆ ಮಗಳ ಬಾಣಂತನ. ಆಮೇಲೆ ಶೇಖವ್ವನಿಗೇ ಒಂದು ಕೆಟ್ಟ ಜ್ವರ ಬಂದು, ಅದು ಬಿಟ್ಟ ಮೇಲೆ ಕೂದಲು ಹಿಡಿ ಹಿಡಿಯಾಗಿ ಉದುರಹತ್ತಿತು.

"ಹೊಳೆವ್ವ ತಾನ ಕಿತ್ತಕೊಳ್ಳಾಕ ಹತ್ಯಾಳ," ಅಂದಳು ಶೇಖವ್ವ. "ಕೂದ್ಲ ಮುಗೀತಂದ್ರ ಮುಂದ ಯಾರ ಪಾಳಿ? ದುರಗೇಶ ದಿನಾ ಹೊಳಿ ದಂಡಿಗೇ ಕುರಿ ಹೊಡೀತಾನ. ಇದನ್ನ ಊರಾಗ ಯಾರಿಗೂ ಹೇಳಬ್ಯಾಡ."

ಹರಕೆಯನ್ನು ನಂಬುವ ಪೈಕಿ ಅಲ್ಲ ನಾನು. ಆದರೆ ಆ ಮುಖ ನೋಡಿ ವಾದ ಮಾಡುವ ಕಲ್ಲೆದೆಯೂ ನನಗಿಲ್ಲ. ಅಂಗಡಿಯ ಮಾಳಿಗೆಯ ಮೇಲೆ ವಾರಕ್ಕೊಮ್ಮೆ ಗದಗಿನಿಂದ ಚರ್ಮದ ಡಾಕ್ಟರ್ ರೇಷ್ಮಾ ಬರುತ್ತಾರೆ. ಅವರಲ್ಲಿಗೆ ಕಳಿಸಿದೆ.

ಡಾಕ್ಟರ್ ಅವಳ ಬಿ.ಪಿ. ನೋಡಿದರು, ನುಂಗುವ ಗುಳಿಗೆ ಯಾವುದೆಂದು ಕೇಳಿದರು, ರಕ್ತ ತಪಾಸಣೆ ಮಾಡಿಸಿದರು. ಬೇರು ಇನ್ನೂ ಸತ್ತಿಲ್ಲ ಅಂದರು. ಪೆನ್ನಿನಂಥ ಒಂದು ಯಂತ್ರದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು. ಅದನ್ನು ನೆತ್ತಿಯ ಮೇಲೆ ಆಡಿಸುವುದು, ಮನೆಯಲ್ಲಿ ದಿನಾ ಮಿನಾಕ್ಸಿಡಿಲ್ ಎಂಬ ದ್ರವ ಹಚ್ಚಿಕೊಳ್ಳುವುದು. ಸೂಜಿಯ ಚುಚ್ಚಿಗೆ ಮಲಗಿದ ಬೇರು ಏಳುತ್ತದೆ, ಔಷಧವೂ ಚೆನ್ನಾಗಿ ಇಳಿಯುತ್ತದೆ, ಎರಡೂ ಕೂಡಿದರೆ ಫಲ ಹೆಚ್ಚು, ಅಂದರು. ಒಂದು ಮಾತನ್ನು ಮಾತ್ರ ಒತ್ತಿ ಒತ್ತಿ ಹೇಳಿದರು: "ಸೂಜಿ ಹಾಕಿದ ದಿನ ಔಷಧ ಮುಟ್ಟಬ್ಯಾಡ್ರಿ. ಮರುದಿನದಿಂದ ಹಚ್ಚರಿ, ಅದೂ ಒಂದ ಅಳತಿ." ಬಾಟಲಿ ಕೊಡುವಾಗ ಅದನ್ನೇ ನಾನೂ ಹೇಳಿದೆ. ಶೇಖವ್ವ ಹೂಂ ಹೂಂ ಎಂದು ಗೋಣು ಹಾಕಿದಳು.

ನಾವಿಬ್ಬರೂ ಹೇಳಬೇಕಾದ ಮನುಷ್ಯ ಮನೆಯಲ್ಲಿದ್ದ.

ಕುರಿ ಕತ್ತರಿಸುವಾಗ ಎಷ್ಟು ಚಲೋ ಕೈ ಇದ್ದರೂ ಎಲ್ಲೋ ಒಂದು ಕಡೆ ಚರ್ಮ ಗೀರುತ್ತದೆ. ಆಗ ಕುರಿಗಾರ ಕತ್ತರಿ ಕೆಳಗಿಟ್ಟು ಮೊದಲು ಔಷಧ ಬಳಿಯುತ್ತಾನೆ, ಆಮೇಲೆ ಮುಂದಿನ ಮಾತು. ಗಾಯ ಹಸಿ ಇರುವಾಗಲೇ ಹಚ್ಚಬೇಕು. ನಾಳೆಗೆ ಬಿಟ್ಟರೆ ನೊಣ ಕೂತು ಹುಳ ಬೀಳುತ್ತವೆ, ಕುರಿ ಹೋಯಿತು. ಹೂವಪ್ಪನಿಗೆ ಇದು ಅವರಪ್ಪ ಕಲಿಸಿದ ಮೊದಲ ಪಾಠ. ಹೆಂಡತಿ ಮನೆಗೆ ಬಂದು ಸೆರಗು ತೆಗೆದಾಗ ನೆತ್ತಿಯ ತುಂಬ ಕೆಂಪು ಚುಕ್ಕೆ ಕಂಡವು. ಕಂಡದ್ದೇ ತಡ, ಬಾಟಲಿ ಕಸಿದುಕೊಂಡ.

"ನಾಳಿ ಹಚ್ಚಂತ ಹೇಳ್ಯಾರ," ಅಂದಳಂತೆ ಶೇಖವ್ವ.

"ನಾಳಿ ಅಂದ್ರ ಹುಳ ಬೀಳ್ತಾವ. ಅವರೇನ ಕುರಿ ಕಾಯ್ದಾರೇನ? ಸುಮ್ಮನ ಕುಂದ್ರ."

ಇಡೀ ಬಾಟಲಿ ಸುರಿದ. ತಿಂಗಳ ಔಷಧ. ಸುರಿದು ಅಂಗೈಯಿಂದ ತಿಕ್ಕಿದ.

ಸಂಜೆ ದುರಗೇಶನ ಫೋನು ಬಂತು. "ಅಣ್ಣಾ, ಅವ್ವ ಬಿದ್ದಾಳ. ಎದಿ ದಬಾದಬಾ ಹೊಡ್ಕೊಳ್ಳಾಕ ಹತ್ತೇತಿ, ಕಣ್ಣ ತೆರೀವಲ್ಲಳು. ರೋಣಕ್ಕ ಕರ್ಕೊಂಡ ಹೊಂಟೀವಿ." ಗಿರಾಕಿಯ ಕೈಯಲ್ಲಿದ್ದ ಚೀಟಿ ಹಾಗೇ ಬಿಟ್ಟು, ಷಟರ್ ಅರ್ಧ ಎಳೆದು ದವಾಖಾನೆಗೆ ಓಡಿದೆ.

ಟಾಟಾ ಏಸ್ ಗಾಡಿಯಲ್ಲಿ ತಂದಿದ್ದರು. ಬಿ.ಪಿ. ಪಾತಾಳಕ್ಕೆ ಇಳಿದಿತ್ತು, ನಾಡಿ ಎಣಿಸಲಾಗದ ಹಾಗೆ ಓಡುತ್ತಿತ್ತು. ಕುರಿಯ ಹಿಂದೆ ಹಗಲೆಲ್ಲ ನಡೆದರೂ ದಣಿಯದ ಹೆಂಗಸು ಬಿಳಿಚಿಕೊಂಡು ಬಿದ್ದಿದ್ದಳು. ಒಳಗೆ ಸಲೈನ್ ಏರಿಸುತ್ತಿದ್ದರು. ಹೂವಪ್ಪ ಬಾಗಿಲಲ್ಲಿ ಖಾಲಿ ಬಾಟಲಿ ಹಿಡಿದು ನಿಂತಿದ್ದ.

"ಒಂದ ಹನಿ ವ್ಯರ್ಥ ಮಾಡಿಲ್ಲ ತಮ್ಮಾ. ಹಸೀ ಇದ್ದಾಗ ಹಚ್ಚೀನಿ. ಆದ್ರೂ ಹಿಂಗ್ಯಾಕಾತು?"

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲಿದ್ದೇನೆ ಅನ್ನುವುದನ್ನು ಮರೆತು ಚೀರಿದೆ. "ಕಾಕಾ, ಈ ಔಷಧ ಮೊದಲಿಗೆ ಬಂದದ್ದ ಬಿ.ಪಿ. ಇಳಿಸೂ ಗುಳಿಗಿ ಆಗಿ! ತೂತು ತೂತು ಮಾಡಿದ ತಲಿಗೆ ಸುರದ್ರ ಸೀದಾ ರಕ್ತಕ್ಕ ಹೋಗತೈತಿ. ಕೈಯಾರ ಕೊಂದಿಯಲ್ಲೋ ಅಕಿನ್ನ!"

ಆ ಮಾತು ಅವನಿಗೆ ಎಲ್ಲಿ ತಾಗಿತೋ. ಗೋಡೆಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕೂತ. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನ ಬರೀ ತಲೆಯನ್ನು ನಾನು ನೋಡಿದ್ದು ಅದೇ ಮೊದಲು; ಬೋರಲು ಹಾಕಿದ ಗಡಿಗೆಯ ಹಾಗೆ ನುಣ್ಣಗಿತ್ತು. ಹೊಳೆ ಇರುವ ದಿಕ್ಕಿಗೆ ಮುಖ ಮಾಡಿ, ಕೈ ಜೋಡಿಸಿ, ಏನೋ ಗೊಣಗಿದ. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಪುಣ್ಯ, ಜೀವ ಉಳಿಯಿತು. ಮರುದಿನ ಬೆಳಿಗ್ಗೆ ಶೇಖವ್ವ ಕಣ್ಣು ಬಿಟ್ಟು ಎಲ್ಲರನ್ನೂ ನೋಡಿದಳು. ನನ್ನನ್ನು ಹತ್ತಿರ ಕರೆದು ಕೇಳಿದ ಮೊದಲ ಮಾತಿಗೆ ನಾನು ಬೆಚ್ಚಿಬಿದ್ದೆ.

"ಮತ್ತ ಸೂಜಿ ಯಾವಾಗ ಹಾಕ್ತಾರ ತಮ್ಮಾ?"

ಡಾಕ್ಟರ್ ರೇಷ್ಮಾ ಮೊದಲು ಒಪ್ಪಲೇ ಇಲ್ಲ. ಶೇಖವ್ವ ವಾರ ವಾರ ಬಂದು ಮೆಟ್ಟಿಲ ಮೇಲೆ ಕೂತಳು. ಕಡೆಗೆ ಹೃದಯದ ತಪಾಸಣೆಯೆಲ್ಲ ಆಗಿ, ಹಚ್ಚಿದರೆ ತೊಂದರೆಯಿಲ್ಲ ಎಂದು ದೊಡ್ಡ ಡಾಕ್ಟರು ಬರೆದುಕೊಟ್ಟ ಮೇಲೆ ಮತ್ತೆ ಶುರುವಾಯಿತು. ಬಾಟಲಿ ಮಾತ್ರ ಸೊಸೆ ರಾಜೇಶ್ವರಿಯ ಟ್ರಂಕಿನಲ್ಲಿ, ಕೀಲಿ ಅವಳ ಸೊಂಟದಲ್ಲಿ. ಹೂವಪ್ಪ ಆ ಟ್ರಂಕಿನ ಕಡೆ ಕಾಲು ಚಾಚಿ ಕೂಡ ಮಲಗುತ್ತಿರಲಿಲ್ಲವಂತೆ. "ಇವತ್ತ ಸೂಜಿ ಹಾಕ್ಯಾರ, ನಾಳಿ ಹಚ್ಚಬೇಕ, ನಾಳಿ" ಎಂದು ತಾನೇ ಮನೆ ತುಂಬ ಡಂಗುರ ಹೊಡೆಯುತ್ತಿದ್ದನಂತೆ.

ಕೂದಲು ಬಂತು ನೋಡಿ! ಮೊದಲು ಎಳೆಗೂಸಿನ ತಲೆಯ ಹಾಗೆ ನವಿರು. ಮುಂದಿನ ಮುಂಗಾರು ಕಳೆಯುವಷ್ಟರಲ್ಲಿ ಮುಷ್ಟಿಗಾತ್ರದ ತುರುಬು. ಇಷ್ಟು ಚೆನ್ನಾಗಿ ಎಲ್ಲರಿಗೂ ಬರುವುದಿಲ್ಲ ಎಂದು ಡಾಕ್ಟರ್ ಹಿಗ್ಗಿ ಹೀರೇಕಾಯಿಯಾದರು. "ಮುಂದಿನ ಸಲ ಫೋಟೋ ತಗೀತೀನಿ, ಉಳಿದ ಪೇಶಂಟರಿಗೆ ತೋರಿಸಾಕ," ಅಂದರು. ಹರಕೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ.

ಆ ಮುಂದಿನ ಸಲ ಗಂಡ ಹೆಂಡತಿ ಕೂಡಿಯೇ ಬಂದರು. ನಾನೂ ಮೇಲೆ ಹೋದೆ. ಡಾಕ್ಟರ್ ಮೊಬೈಲು ಹಿಡಿದು ನಗುತ್ತ, "ಸೆರಗ ತಗೀರಿ ಅಮ್ಮಾ," ಅಂದರು. ಶೇಖವ್ವ ತೆಗೆದಳು. ಒಂದೂ ಕೂದಲಿಲ್ಲ. ಆಗಷ್ಟೇ ಕ್ಷೌರ ಮಾಡಿ ಅರಿಷಿಣ ಬಳಿದ ನೆತ್ತಿ ಹಳದಿಯಾಗಿ ಹೊಳೆಯುತ್ತಿತ್ತು.

ಡಾಕ್ಟರ ಕೈಯ ಮೊಬೈಲು ಮೇಜಿನ ಮೇಲೆ ಬಿತ್ತು. "ಎಲ್ಲಿ... ಏನ ಮಾಡಿದ್ರಿ?"

"ಹೊಳೆವ್ವಗ ಕೊಟ್ಟ್ವಿರಿ. ಮೊರದಾಗ ಇಟ್ಟು, ಕುಂಕುಮ ಹಚ್ಚಿ, ನೀರಾಗ ಬಿಟ್ಟ್ವಿ. ನೀವು ಬೆಳೆಸಿದ್ದ ಅಲ್ಲೇನ್ರಿ, ನಿಮ್ಮ ಹೆಸರ್ಲೇನೂ ಒಂದ ಹೂವ ಬಿಟ್ಟೀನಿ."

"ಜೀವಾ ಪಣಕ್ಕಿಟ್ಟು ಬೆಳೆಸಿದ್ದು... ಬೋಳಿಸಾಕ?"

"ಮತ್ತ? ಬೋಳ ತಲಿ ಒಡ್ಡಿದ್ರ ಅಕಿ ಏನ ತಗೋತಿದ್ಲರಿ? ಮಗನ್ನ." ಶೇಖವ್ವನ ಮುಖದಲ್ಲಿ ಅಂಥ ನಿರಾಳವನ್ನು ನಾನು ಎಂದೂ ಕಂಡಿರಲಿಲ್ಲ.

ಆಗ ಮೂಲೆಯಲ್ಲಿ ನಿಂತಿದ್ದ ಹೂವಪ್ಪ ಮುಂದೆ ಬಂದ. ರುಮಾಲು ಬಿಚ್ಚಿ ಆ ಗಡಿಗೆಯಂಥ ತಲೆಯನ್ನು ಬಗ್ಗಿಸಿದ. "ಈಗ ನನಗ ಸೂಜಿ ಹಾಕ್ರಿ."

ನಾವು ಮೂವರೂ ದಂಗಾದೆವು. ಹೆಚ್ಚು ದಂಗಾದವಳು ಶೇಖವ್ವ.

"ನಿನಗ್ಯಾಕ?"

"ಇಕಿ ದವಾಖಾನ್ಯಾಗ ಬಿದ್ದಾಗ ಬೇಡಿಕೊಂಡೀನ್ರಿ. 'ನನ್ನ ಮುಡಿ ತಗೊ ಹೊಳೆವ್ವಾ, ಇಕಿನ್ನ ಬಿಡು' ಅಂತ."

"ಬೋಳ ತಲಿಯಾವ ಮುಡಿ ಬೇಡಿಕೊಂಡನಂತ! ಹುಚ್ಚ ಹಿಡದಿತ್ತೇನ ನಿನಗ?" ಶೇಖವ್ವ ಸಿಡಿದಳು.

"ಆವಾಗ ತಲಿ ಮ್ಯಾಲ ಏನೈತಿ ಅನ್ನೂದ ಎಲ್ಲಿ ನೆನಪಿತ್ತ," ಅಂದ ಹೂವಪ್ಪ. ಅವನ ಕಣ್ಣು ತುಂಬಿದ್ದವು.

ಡಾಕ್ಟರ್ ದೀಪ ಹಿಡಿದು ಅವನ ನೆತ್ತಿಯನ್ನು ಬಹಳ ಹೊತ್ತು ನೋಡಿದರು. ಇಲ್ಲಿ ಬೇರು ಸತ್ತು ಯಾವ ಕಾಲವೋ ಆಗಿದೆ, ಸೂಜಿಯಿಂದಲೂ ಔಷಧದಿಂದಲೂ ಒಂದು ಎಳೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಹೂವಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಹೊದ್ದುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಮುಂದಿನ ಸಂತೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ರುಮಾಲು ಸುತ್ತಿದ ಯಾರೋ ಒಬ್ಬ ಮುದುಕ ಬಿ.ಪಿ. ಗುಳಿಗೆಯ ಚೀಟಿ ಚಾಚಿದ. ಚೀಟಿಯಲ್ಲಿ ಶೇಖವ್ವನ ಹೆಸರಿತ್ತು.

"ನೀವು ಯಾರ ಪೈಕಿರಿ? ಶೇಖವ್ವ ಚಿಗವ್ವ ಯಾಕ ಬಂದಿಲ್ಲ? ಆರಾಮ ಅದಾಳಿಲ್ಲೋ?" ಅಂದೆ.

"ಆರಾಮ ಅದಾಳ. ಇನ್ನ ಅಕಿಗೇನೂ ಆಗೂದಿಲ್ಲ ತಮ್ಮಾ."

ಪರಿಚಯದ ದನಿ. ತಲೆ ಎತ್ತಿ ನೋಡಿದೆ. ಮೂಗಿನ ಕೆಳಗೆ ಬಿಸಿಲನ್ನೇ ಕಾಣದ ಬಿಳಿಯ ಚರ್ಮ. ನರಗುಂದದಿಂದ ಗಜೇಂದ್ರಗಡದವರೆಗೆ ಹೆಸರಾದ ಆ ಮೀಸೆ ಇರಲಿಲ್ಲ. ಮೇಲ್ದುಟಿಯ ಮೇಲೆ ಕತ್ತಿ ತಾಗಿ ಒಂದು ಹನಿ ರಕ್ತ ಇನ್ನೂ ಹಸಿಯಾಗಿತ್ತು. ಹತ್ತಿ, ಮುಲಾಮು ತೆಗೆದುಕೊಂಡು ಅವನ ತುಟಿಯ ಕಡೆ ಕೈ ಚಾಚಿದೆ.

ಹೂವಪ್ಪ ಗಾಬರಿಯಾಗಿ ಹಿಂದೆ ಸರಿದ.

"ಇವತ್ತ ಬ್ಯಾಡೋ ತಮ್ಮಾ," ಅಂದ. "ನಾಳಿ ಹಚ್ತೀನಿ."