ಪಂಪಿಗೆ ಹಚ್ಚಿದ ಅರಿಶಿನ

ನನ್ನ ಗಂಡನಿಗೆ ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ಕೆಲಸವಾಗಿ ನೈರೋಬಿಗೆ ಬಂದ ಮೇಲೆ ನಾನು ಎರಡು ವರ್ಷ ಮನೆಯಲ್ಲಿ ಕೂತು ಒಗೆದ ಪರದೆಗಳನ್ನೇ ಮತ್ತೆ ಒಗೆದೆ. ಕೆಮಿಕಲ್ ಎಂಜಿನಿಯರಿಂಗ್ ಓದಿದವಳು! ಮೂಗಿನ ತುದಿಯಲ್ಲೇ ಕೋಪವಿಟ್ಟುಕೊಂಡ ನನ್ನನ್ನು ಆ ಮನುಷ್ಯ ಹೇಗೆ ಸಹಿಸಿದರೋ. ಕೊನೆಗೆ ಎಂಬಕಸಿ ಕಡೆಯ ದೊಡ್ಡ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ವರ್ಷದ ಕೊನೆಯವರೆಗೆ ನೋಡಿ, ಸರಿಬಂದರೆ ಖಾಯಂ ಮಾಡುತ್ತೇವೆ ಎಂದಿದ್ದರು. ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನಿನ ನೂಕುನುಗ್ಗಲೂ ನನಗೆ ಹಿತವಾಗಿತ್ತು.

ನಾವು ಮಾಡುತ್ತಿದ್ದುದು ಕಾಸ್ಟಿಕ್ ಸೋಡಾದ ದ್ರಾವಣ. ನೋಡಲು ನೀರಿನಂತೆಯೇ, ಮೈಗೆ ತಾಗಿದರೆ ಸುಡುತ್ತದೆ. ಸೋಪು ಮಾಡುವವರು, ಕಾಗದ ಮಾಡುವವರು, ಬಾಟಲಿ ತೊಳೆದು ತುಂಬಿಸುವವರು, ಎಲ್ಲರೂ ನಮ್ಮ ಬಾಗಿಲಿಗೇ ಬರಬೇಕು. ನಾವು ನಿಂತರೆ ಅವರೂ ನಿಂತಂತೆ.

ವಾರ್ಷಿಕ ರಿಪೇರಿ ಮುಗಿದು ಮತ್ತೆ ಶುರು ಮಾಡಬೇಕಾದ ದಿನವೇ ಆಯುಧಪೂಜೆ ಬಂತು. ಮ್ಯಾನೇಜರು ಮಂಗಳೂರಿನ ಕ್ರೈಸ್ತರು. "ಇವತ್ತು ಲೈನ್ ಚಾಲೂ ಮಾಡಿ ಕೊಡಿ, ಮತ್ತೆ ನಿಮ್ಮ ಖಾಯಂ ವಿಷಯ ಮಾತಾಡುವ. ಪೂಜೆ ಬೇಗ ಮುಗಿಸಿ ಮಾರಾಯ್ರೆ, ಹೊರಗೆ ಟ್ಯಾಂಕರ್ ಕಾಯ್ತಾ ಉಂಟು" ಎಂದರು.

ಹಬ್ಬದ ದಿನ ಯಂತ್ರ ತೊಳೆಯದಿದ್ದರೆ ನನಗೆ ಸಮಾಧಾನವೆಲ್ಲಿ? ಪಂಪು, ಪೈಪು, ನೆಲ ಎಲ್ಲಕ್ಕೂ ನೀರು ಹಾಯಿಸಿದೆ. ಕುಂಕುಮ ಮನೆಯಲ್ಲೇ ಮರೆತಿದ್ದೆ. ಅರಿಶಿನವನ್ನಷ್ಟೇ ಕಲಸಿ ಪಂಪಿಗೂ ಪೈಪಿನ ಜೋಡಣೆಗೂ ಹಚ್ಚಿ, ಹೂವಿಟ್ಟು ಕೈಮುಗಿದೆ. ಪಂಪು ಗುಂಯ್ ಎಂದು ಶುರುವಾಯಿತು. ಆಹಾ, ಎಷ್ಟು ಚೆಂದದ ಸದ್ದು!

ಸ್ವಲ್ಪ ಹೊತ್ತಿಗೆ ಪೈಪು ಜೋಡಿಸುವ ಸ್ಥಳೀಯ ಫಿಟ್ಟರು ಬಂದು ಜೋಡಣೆಯ ಕೆಳಗೆ ತೊಟ್ಟಿಕ್ಕುತ್ತಿದ್ದ ನೀರನ್ನು ಒರೆಸಲು ಬರಿಗೈ ಚಾಚಿದ. ನನ್ನ ಕಣ್ಣು ಅರಿಶಿನದ ಮೇಲೆ ಬಿತ್ತು. ಅದು ಕೆಂಪಾಗಿತ್ತು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರು ಮಾಡಿದ ಕೈ ನನ್ನದು. ಸುಣ್ಣದಂತೆ ಕಾಸ್ಟಿಕ್ಕೂ ಅರಿಶಿನವನ್ನು ಕೆಂಪು ಮಾಡುತ್ತದೆ, ಬರಿ ನೀರು ಮಾಡದು.

"ಮುಟ್ಟಬೇಡ!" ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಅರ್ಥವಾಗದಿದ್ದರೂ ಕೈ ಹಿಂದಕ್ಕೆ ಹೋಯಿತು. ನಾನು ಪಂಪು ನಿಲ್ಲಿಸಿಬಿಟ್ಟೆ.

ಮ್ಯಾನೇಜರು ಓಡಿಬಂದರು. "ಎಂತ ಇದು? ಯಾರು ನಿಲ್ಲಿಸ್ಲಿಕ್ಕೆ ಹೇಳಿದ್ದು?"

"ಲೀಕ್ ಆಗ್ತಿದೆ ಸರ್. ಅರಿಶಿನ ನೋಡಿ."

"ಅದು ಕುಂಕುಮ ಅಲ್ವಾ? ನೆಲ ತೊಳೆದ ನೀರಿಗೆ ಹೆದರಿ ಪ್ಲಾಂಟ್ ನಿಲ್ಲಿಸುವುದಾ?"

"ಕುಂಕುಮ ನಾನು ತಂದೇ ಇಲ್ಲ!" ಎಂದು ಅವರಿಗಿಂತ ಜೋರಾಗಿ ಕೂಗಿದೆ. ಖಾಯಂ ಕೆಲಸ ಹೋಯಿತು, ಇನ್ನು ಪರದೆ ಒಗೆಯುವುದೇ ಎಂದುಕೊಂಡೆ. ಆದದ್ದಾಗಲಿ, ಬಿಚ್ಚಿಸದೆ ಬಿಡುವವಳಲ್ಲ ನಾನು.

ಲೈನ್ ಖಾಲಿ ಮಾಡಿ ಜೋಡಣೆ ಬಿಚ್ಚಿಸಿದೆವು. ಸೋರದಂತೆ ಒಳಗೆ ಕೂರಿಸಿದ್ದ ಹೊಸ ಗ್ಯಾಸ್ಕೆಟ್ ಒಂದು ಬದಿ ಸೀಳಿತ್ತು. ಫಿಟ್ಟರು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡು, ಧನ್ಯವಾದ ತಾಯಿ ಎಂಬರ್ಥದಲ್ಲಿ, "ಅಸಾಂಟೆ, ಮಾಮಾ" ಎಂದ. ಮ್ಯಾನೇಜರು ಟ್ಯಾಂಕರಿನವರನ್ನು ಸಮಾಧಾನಪಡಿಸಲು ಹೊರಟರು. ಬೇರೆ ಗ್ಯಾಸ್ಕೆಟ್ ಹಾಕಿ ಪಂಪು ಶುರು ಮಾಡುವಾಗ ಸಂಜೆಯಾಗಿತ್ತು. ಟ್ಯಾಂಕರಿನವರು ಸಾಕಷ್ಟು ಬೈದಿದ್ದರು.

ಮನೆಗೆ ಹೊರಟಾಗ ಮ್ಯಾನೇಜರು ಗೇಟಿನ ಬಳಿ ನಿಂತಿದ್ದರು.

"ಬರುವ ವರ್ಷ ರಿಪೇರಿ ಏಪ್ರಿಲ್‌ನಲ್ಲಿ. ಆವಾಗ ನಿಮ್ಮ ಹಬ್ಬ ಇಲ್ಲ, ಅಲ್ವಾ?"

"ಇಲ್ಲ ಸರ್."

"ಇಲ್ಲದಿದ್ರೂ ಅರಿಶಿನ ತನ್ನಿ."

ಬರುವ ವರ್ಷ! ಆ ಮಾತು ತಲೆಗೆ ಇಳಿಯುವಷ್ಟರಲ್ಲಿ ನನ್ನ ಮಟಾಟು ಹೋಗಿಯೇ ಬಿಟ್ಟಿತ್ತು.